ಚಿತ್ರಕಾರ ವೆಂಕಟಪ್ಪನವರೂ ಗಣಿನಾಡಿನ ವಿದ್ಯಾರ್ಥಿಗಳೂ

ಕೋಲಾರದ ಚಿನ್ನದ ಗಣಿಗಳಿಂದ 1880ರ ಬಳಿಕ ಆಂಗ್ಲ ಕಂಪೆನಿಯವರು ತೆಗೆಸಿದ ಹೊನ್ನು ಹಡಗನ್ನೇರಿ ಪರದೇಶಕ್ಕೆ ಹೋಯಿತು. 2001ರಲ್ಲಿ ಗಣಿಯ ಕೆಲಸವೇ ನಿಂತಿತು. ಉಳಿದುದು ಸೈನೈಡ್ ಮಣ್ಣಿನ ದಿಬ್ಬಗಳು. ದುಡಿಮೆಗಾಗಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವವರ ಮಕ್ಕಳಿಗೆ ಚಿತ್ರಕಲೆಯ ಪಾಠವೇಕೆಂದು ಕೇಳುವವರುಂಟು. ಹೊಟ್ಟೆಯ ಚಿಂತೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೂ ಈ ಪ್ರಶ್ನೆಗೆ ಉತ್ತರವಾಗಿ ದಿವಂಗತ ಕೆ. ವೆಂಕಟಪ್ಪನವರ ಜೀವನವನ್ನು ವಾಚಕರ ಮುಂದಿಡಬಯಸುತ್ತೇವೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಮೈಸೂರು ಸಂಪ್ರದಾಯದ ಚಿತ್ರಗಾರರು ದೇವತಾಮೂರ್ತಿಗಳನ್ನು ಬರೆದು, ಆಭರಣಗಳಿಗೆ ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಿದ್ದರು. ಒಂದು ಹಿಡಿಯಲ್ಲಡಗುವ ರೇಕು ಗೋಡೆಯ ಮೇಲೊಂದು ಪಟವಾಗಿ ತಲೆಮಾರುಗಳವರೆಗೆ ಬೆಳಗುವುದು. ಪೆಟ್ಟಿಗೆಯಲ್ಲಿಟ್ಟ ಗಟ್ಟಿಗೆ ಆ ಭಾಗ್ಯವಿಲ್ಲ.

ಬಾಲಕನ ಕೈಚಳಕಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯ ದೊರೆಯಿತು. 1909ರಲ್ಲಿ ಅವರು ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಅದಕ್ಕೆ ಹಿಂದೆ ಇಂಥ ಶಾಲೆಗಳಲ್ಲಿ ನಮ್ಮ ಹುಡುಗರು ಐರೋಪ್ಯ ಮೂರ್ತಿಗಳ ಸುಣ್ಣದ ಅಚ್ಚುಗಳನ್ನು ಮುಂದಿಟ್ಟುಕೊಂಡು ನಕಲು ಮಾಡುವುದೇ ವಿದ್ಯೆಯೆನಿಸಿತ್ತು. ಹ್ಯಾವೆಲ್ ಸಾಹೇಬರೂ ಅವನೀಂದ್ರನಾಥ ಠಾಕೂರರೂ ವಿದ್ಯಾರ್ಥಿಗಳ ದೃಷ್ಟಿಯನ್ನು ಅಜಂತೆಯ ಕಡೆಗೂ ಮೊಗಲ ಮತ್ತು ರಾಜಪುತ್ರ ಚಿತ್ರಗಳ ಕಡೆಗೂ ತಿರುಗಿಸಿದರು. ಪರರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುವ ಜನಾಂಗವು ಸ್ವತಂತ್ರವಾಗಲಾರದೆಂಬ ತತ್ತ್ವವು ಅಲ್ಲಿ ಕುಂಚದಿಂದಲೇ ಬೋಧಿತವಾಯಿತು. ನಂದಲಾಲ ಬೋಸರೊಡನೆ ಕಲಿತ ವೆಂಕಟಪ್ಪನವರು ಅವನೀಂದ್ರನಾಥರ ಪ್ರಿಯ ಶಿಷ್ಯರಲ್ಲೊಬ್ಬರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿ 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಗ್ರಂಥಕ್ಕೆ ಅವರು ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು.

ಊರಿಗೆ ಮರಳಿದ ಮೇಲೆ ಅವರು ದಂತದ ತಗಡಿನ ಮೇಲೆ ಕಿರುಚಿತ್ರಗಳನ್ನು ಬರೆದರು. ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ರಚಿಸಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದರು. ಉದಕಮಂಡಲದ ಮಂಜು, ಬೆಳುದಿಂಗಳು, ಮಳೆಗಾಲದ ಮುಗಿಲು ಇವುಗಳನ್ನು ಬಹುಕಾಲ ನೋಡಿ ನೋಡಿ ಜಲವರ್ಣದಲ್ಲಿ ಮೂಡಿಸಿದುದೇ ಅವರ ಅತ್ಯುತ್ತಮ ಸಾಧನೆಯೆಂದು ನಮ್ಮ ಭಾವನೆ. ಆ ಗಿರಿನಗರವನ್ನು ಸಾವಿರಾರು ಜನರು ಕಂಡಿದ್ದರು, ನೋಡಿದವರು ವಿರಳ. ಅವರು ವಿವಾಹವಾಗಲಿಲ್ಲ, ಸಂತೆಯ ರುಚಿಗೆ ತಕ್ಕಂತೆ ಬರೆಯಲಿಲ್ಲ. ಆ ಕಠೋರ ನಿಯಮವು ಅವರನ್ನು ಒಂಟಿಯನ್ನಾಗಿಯೂ ಮಾಡಿತು. 1940ರಲ್ಲಿ ಮಹಾರಾಜರು ಸ್ವರ್ಗಸ್ಥರಾದ ಬಳಿಕ ಅವರು ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದರು. 1965ರಲ್ಲಿ ಕಾಲವಾದರು. ಅವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತಲೆಯೆತ್ತಿದುದು ಅವರು ಗತಿಸಿದ ಮೇಲೆ. ಕಲಾವಿದನು ಬದುಕಿರುವಾಗ ಅವನನ್ನು ಅರಿಯುವ ಜನ ಕಡಿಮೆಯಾದುದಕ್ಕೆ ಕಾರಣವೇನು? ನೋಡುವುದನ್ನು ನಾವು ಯಾರಿಗೂ ಕಲಿಸಲಿಲ್ಲ.

ಆದಕಾರಣ ಗಣಿನಾಡಿನ ಮತ್ತು ಬಂಗಾರಪೇಟೆಯ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಚಿತ್ರಲೇಖನದ ಗಂಟೆಯನ್ನು ಲೆಕ್ಕದ ಪಾಠಕ್ಕೆ ಬಲಿಕೊಡಬೇಡಿರಿ. ಪುಸ್ತಕದ ಹೂಕುಂಡವನ್ನು ನಕಲು ಮಾಡಿಸುವುದಕ್ಕೆ ಬದಲಾಗಿ ಮಕ್ಕಳನ್ನು ಸಂಜೆಯ ಹೊತ್ತು ಹೊರಗೆ ಕರೆದೊಯ್ಯಿರಿ. ಆ ದಿಬ್ಬಗಳ ಮೇಲೆ ಇಳಿಬಿಸಿಲು ಬಿದ್ದಾಗ ಎಷ್ಟು ಬಣ್ಣಗಳು ಏಳುತ್ತವೆಂಬುದನ್ನು ಅವರೇ ಎಣಿಸಲಿ. ಅಜ್ಜಂದಿರು ಇಳಿದ ಗಣಿಬಾವಿಯ ಕಥೆಯನ್ನು ಕೇಳಿ ಬರೆಯಲಿ. ವರ್ಷಕ್ಕೊಮ್ಮೆಯಾದರೂ ಅವರಿಗೆ ಉತ್ತಮ ಚಿತ್ರಗಳ ದರ್ಶನವಾಗಲಿ. ಎಲ್ಲರೂ ವೆಂಕಟಪ್ಪನವರಾಗಬೇಕಿಲ್ಲ. ತಮ್ಮ ಊರನ್ನು ನೋಡಬಲ್ಲ ಮಗುವು ಬೆಳೆದು ಪೌರನಾದಾಗ ಅದರ ಹಾಳನ್ನು ಸಹಿಸದು, ಅದರ ಚೆಲುವನ್ನು ಮರೆಯದು.

ನೆಲದ ಹೊನ್ನು ತೀರಿತು. ಕಣ್ಣಿನ ಹೊನ್ನನ್ನಾದರೂ ಹುಗಿದಿಡದಿರೋಣ.