ಕಾರಾಪುರದ ಸಾಬುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದ ಫ್ಲಾಹರ್ಟಿ: ಸುಟ್ಟ ರೀಲಿನಿಂದ ಎದ್ದು ಬಂದ ಬದುಕು

ಮೈಸೂರು: ನಮ್ಮ ಎಚ್.ಡಿ.ಕೋಟೆ ತಾಲೂಕಿನ ಕಾರಾಪುರದ ಮಾವುತರ ಹುಡುಗ ಸಾಬು ಹಾಲಿವುಡ್ ನಟನಾದ ಕತೆ ಬಹಳ ಜನಕ್ಕೆ ಗೊತ್ತು. ಆದ್ರೆ ಅವನ ಮೊದಲ ಸಿನಿಮಾ ಚಿತ್ರೀಕರಿಸಲು ಇಲ್ಲಿಗೆ ಬಂದ ರಾಬರ್ಟ್ ಫ್ಲಾಹರ್ಟಿ ಯಾರು ಅಂತ ಕೇಳಿದ್ರೆ ಹೇಳೋರು ಕಮ್ಮಿ.

ಫ್ಲಾಹರ್ಟಿ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಮಿಚಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿ ಊರಿನಲ್ಲಿ. ಸಿನಿಮಾ ಅವರ ಕಸುಬೇ ಆಗಿರಲಿಲ್ಲ. ಕೆನಡಾದ ಹಡ್ಸನ್ ಕೊಲ್ಲಿಯ ಹಿಮದಲ್ಲಿ ಕಬ್ಬಿಣದ ಅದಿರು ಹುಡುಕೋದು ಕೆಲಸ. 1913ರಲ್ಲಿ ಜೊತೆಗೊಂದು ಕ್ಯಾಮೆರಾ ಒಯ್ದರು. ಕಲಿತದ್ದು ಮೂರೇ ವಾರ.

1916ರಲ್ಲಿ ಟೊರಾಂಟೊದಲ್ಲಿ ರೀಲು ಕಟ್ಟುವಾಗ ಅವರದೇ ಸಿಗರೇಟಿನ ಕಿಡಿ ಬಿತ್ತು. ಸುಮಾರು 30,000 ಅಡಿ ನೆಗೆಟಿವ್ ಬೂದಿಯಾಯ್ತು, ಅವರಿಗೂ ಸುಟ್ಟ ಗಾಯ. ಉಳಿದಿದ್ದ ಪ್ರತಿ ಹಾಕಿ ನೋಡಿದ್ರೆ ಅವರಿಗೇ ಬೇಸರ. ಅಲ್ಲೊಂದು ಇಲ್ಲೊಂದು ದೃಶ್ಯ, ಕತೆಯೇ ಇಲ್ಲ. ಮತ್ತೆ ಹೋಗಿ ಒಂದೇ ಕುಟುಂಬದ ಬದುಕು ತೋರಿಸಬೇಕು ಅಂತ ತೀರ್ಮಾನಿಸಿದರು.

ಆದ್ರೆ ದುಡ್ಡು? ವರ್ಷಗಟ್ಟಲೆ ಅಲೆದ ಮೇಲೆ ಕೈ ಹಿಡಿದವರು ವ್ಯಾಪಾರಿಗಳು. ತುಪ್ಪಳ ಮಾರುವ ರೆವಿಯೋನ್ ಫ್ರೇರ್ ಕಂಪನಿ ಪ್ರಚಾರದ ಲೆಕ್ಕದಲ್ಲಿ ಖರ್ಚು ವಹಿಸಿಕೊಂಡಿತು. 1922ರಲ್ಲಿ ‘ನ್ಯಾನೂಕ್ ಆಫ್ ದಿ ನಾರ್ತ್’ ತೆರೆಗೆ ಬಂತು. ಮೊದಲು ಬೇಡ ಅಂದಿದ್ದ ಪ್ಯಾರಮೌಂಟ್, ಚಿತ್ರ ಗೆದ್ದ ಮೇಲೆ ತಾನೇ ದುಡ್ಡು ಕೊಟ್ಟು ಅವರನ್ನು ಸಮೋವಾ ದ್ವೀಪಕ್ಕೆ ಕಳಿಸಿತು.

ಅವರ ಮೇಲೆ ಆರೋಪವೂ ಇದೆ. ನ್ಯಾನೂಕ್‌ನ ನಿಜ ಹೆಸರು ಅಲ್ಲಕರಿಯಲ್ಲಕ್. ಬಂದೂಕು ಬಳಸುತ್ತಿದ್ದವನ ಕೈಗೆ ಈಟಿ ಕೊಟ್ಟು ಚಿತ್ರೀಕರಿಸಿದರು. ಒಳಗೆ ಬೆಳಕು ಬೀಳಲಿ ಅಂತ ಅರ್ಧ ಹಿಮದ ಮನೆ ಕಟ್ಟಿಸಿದರು. ಸಿನಿಮಾ ಲೋಕವೆಲ್ಲ ಸುತ್ತಿತು, ಆದ್ರೆ ಆತ ಸ್ವಲ್ಪ ಕಾಲದಲ್ಲೇ ತೀರಿಹೋದ.

1935ರಲ್ಲಿ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ‘ಎಲಿಫೆಂಟ್ ಬಾಯ್’ ತೆಗೆಯಲು ಫ್ಲಾಹರ್ಟಿಯನ್ನು ಮೈಸೂರಿಗೆ ಕಳಿಸಿದರು. ಮಹಾರಾಜರ ಆನೆಗಳು ಸಿಕ್ಕವು, ಸಾಬು ಸಿಕ್ಕ. ಕಾಡಿನಲ್ಲಿ ತಿಂಗಳುಗಳು ಉರುಳಿದವು, ಖರ್ಚು ಏರಿತು. ತಾಳ್ಮೆಗೆಟ್ಟ ಕೊರ್ಡಾ ಸ್ಟುಡಿಯೋ ದೃಶ್ಯಗಳನ್ನು ತಮ್ಮ ಝೋಲ್ಟನ್ ಕೈಗೆ ಕೊಟ್ಟರು. 1937ರಲ್ಲಿ ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರಿಗೂ ಬಂತಾದರೂ, ಸಿನಿಮಾ ಪೂರ್ತಿ ಫ್ಲಾಹರ್ಟಿಯದಾಗಿ ಉಳಿಯಲಿಲ್ಲ.

ಪಾಠ ಕಲಿತಿದ್ದರು ಅನ್ಸುತ್ತೆ. 1948ರ ‘ಲೂಸಿಯಾನಾ ಸ್ಟೋರಿ’ಗೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ದುಡ್ಡು ಹಾಕಿತು. ಆದ್ರೆ ತೆರೆಯ ಮೇಲೆ ಕಂಪನಿಯ ಹೆಸರಿಲ್ಲ, ಚಿತ್ರದ ಹಕ್ಕು ಫ್ಲಾಹರ್ಟಿಯದೇ. ಬಂಡವಾಳ ಬೇರೆಯವರದ್ದಾದ್ರೂ ಮಾಲು ತನ್ನ ಕೈಯಲ್ಲೇ ಉಳಿಯಬೇಕು ಅನ್ನೋದನ್ನ ನಮ್ಮ ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

1951ರ ಜುಲೈ 23ರಂದು ಅಮೆರಿಕದ ವರ್ಮಾಂಟ್‌ನಲ್ಲಿ ಫ್ಲಾಹರ್ಟಿ ತೀರಿಕೊಂಡರು. ಅವರ ಕ್ಯಾಮೆರಾ ಕಂಡ ನಮ್ಮ ಆನೆಗಳು, ನಮ್ಮ ಹುಡುಗ ಇವತ್ತಿಗೂ ‘ಎಲಿಫೆಂಟ್ ಬಾಯ್’ನಲ್ಲಿ ನೋಡಲು ಸಿಗ್ತಾರೆ.