ಮುಂಗಾಣ್ಕೆಯ ಹಂಬಲ: ಸ್ಟ್ಯಾನ್ಲಿ ಜೆವನ್ಸ್

ಸೀಮಾಂತ ತುಷ್ಟಿಗುಣ ಸಿದ್ಧಾಂತದ ಪ್ರವರ್ತಕರಲ್ಲೊಬ್ಬನಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1835ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ಕಬ್ಬಿಣದ ವರ್ತಕ. ರೈಲ್ವೆ ಷೇರುಗಳ ಉಬ್ಬರವಿಳಿದು 1848ರಲ್ಲಿ ಮನೆತನದ ವ್ಯಾಪಾರವು ದಿವಾಳಿಯಾದಾಗ ಬಾಲಕನಿಗೆ ಹನ್ನೆರಡು ವರ್ಷ. ಬಿಕ್ಕಟ್ಟಿನ ಸುಳಿವನ್ನು ಮುಂಚಿತವಾಗಿಯೇ ಹಿಡಿಯಬಹುದೇ ಎಂಬ ಪ್ರಶ್ನೆ ಮುಂದೆ ಅವನ ವಿದ್ವತ್ತಿನ ಒಂದು ಮುಖ್ಯ ಎಳೆಯಾಯಿತು.

ಹದಿನೆಂಟರ ಹರೆಯದಲ್ಲಿ, 1854ರಲ್ಲಿ, ಹೊಸ ಟಂಕಸಾಲೆಯ ಲೋಹಪರೀಕ್ಷಕನಾಗಿ ಅವನು ಸಿಡ್ನಿಗೆ ಹಡಗೇರಿದನು. ಅಲ್ಲಿ ಐದು ವರ್ಷ ಚಿನ್ನವನ್ನು ಪರೀಕ್ಷಿಸುವುದರೊಂದಿಗೆ ಮಳೆ, ಗಾಳಿ, ತಾಪಮಾನಗಳನ್ನೂ ಕ್ರಮವಾಗಿ ದಾಖಲಿಸಿದನು. 1859ರಲ್ಲಿ ಪೆರು, ಪನಾಮ, ಅಮೆರಿಕಗಳನ್ನು ಸುತ್ತಿ ಸ್ವದೇಶಕ್ಕೆ ಮರಳಿದನು. ಆಕಾಶದ ಲೆಕ್ಕವನ್ನೂ ಮಾರುಕಟ್ಟೆಯ ಲೆಕ್ಕವನ್ನೂ ಒಟ್ಟಿಗೆ ನೋಡುವ ಅಭ್ಯಾಸ ಈ ಪ್ರವಾಸದ ಫಲ.

1865ರ ಕಲ್ಲಿದ್ದಲಿನ ಕುರಿತ ಗ್ರಂಥ ಅವನಿಗೆ ಕೀರ್ತಿ ತಂದಿತು. ಬಳಕೆಯು ವರ್ಷಕ್ಕೆ ಶೇಕಡಾ 3.5ರಂತೆ ಬೆಳೆದರೆ 1961ರಲ್ಲಿ ಬ್ರಿಟನ್ನಿಗೆ 260 ಕೋಟಿ ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಬೇಕಾದೀತೆಂದು ಅವನು ಗಣಿಸಿದನು. ಆದರೆ ಅಲ್ಲಿನ ಉತ್ಪಾದನೆಯು 1913ರಲ್ಲಿ ಸುಮಾರು 29 ಕೋಟಿ ಟನ್ನಿಗೆ ಮುಟ್ಟಿ ಇಳಿಮುಖವಾಯಿತು.

1875ರಲ್ಲಿ ಅವನ ದೃಷ್ಟಿ ಸೂರ್ಯನತ್ತ ತಿರುಗಿತು. ಸೂರ್ಯನ ಕಲೆಗಳ ಏರಿಳಿತವು ದ್ರಾಕ್ಷಿಯ ಫಸಲನ್ನೂ ಧಾನ್ಯದ ಬೆಳೆಯನ್ನೂ ಆಳುವುದಾದರೆ, ಮದ್ಯದ ಹದದಿಂದ ಹಣದ ಮಾರುಕಟ್ಟೆಯವರೆಗೆ ಎಲ್ಲಕ್ಕೂ ಒಂದೇ ಮೂಲವಿರಬಹುದೆಂದು ತರ್ಕಿಸಿದನು. 1878ರಲ್ಲಿ ಗ್ಲಾಸ್ಗೋದ ಬ್ಯಾಂಕೊಂದು ಕುಸಿದಾಗ ಈ ಸರಪಳಿಗೆ ಭಾರತವೂ ಸೇರಿತು: ಇಲ್ಲಿ ಬೆಳೆ ಕೆಟ್ಟರೆ ರೈತನಿಗೆ ಬಟ್ಟೆ ಕೊಳ್ಳುವ ಶಕ್ತಿಯಿಲ್ಲ, ಆಗ ಮ್ಯಾಂಚೆಸ್ಟರಿನ ಗಿರಣಿಗಳು ಸೊರಗುತ್ತವೆ. ದೆಹಲಿಯ ಹಳೆಯ ಗೋಧಿ ಬೆಲೆಗಳನ್ನೂ ಅವನು ಸಾಕ್ಷ್ಯವಾಗಿ ಬಳಸಿದನು.

ಅದೇ ಹೊತ್ತಿಗೆ ಕನ್ನಡ ನಾಡು ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬೆಂದಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಜೆವನ್ಸನ ತರ್ಕದಲ್ಲಿ ಭಾರತದ ಕ್ಷಾಮವು ವಾಣಿಜ್ಯ ಸರಪಳಿಯ ಒಂದು ಕೊಂಡಿ. ಹಳ್ಳಿಗರಿಗೆ ಅದು ಬದುಕಿನ ಕೊನೆ.

ಸಿದ್ಧಾಂತ ನಿಲ್ಲಲಿಲ್ಲ. ಸೌರಚಕ್ರವನ್ನು 10.45 ವರ್ಷವೆಂದು ಹಿಡಿದು, ಅದಕ್ಕೆ ಹೊಂದುವಂತೆ ಸಂದೇಹಾಸ್ಪದ ವರ್ಷಗಳನ್ನೂ ಅವನು ಬಿಕ್ಕಟ್ಟುಗಳ ಸಾಲಿಗೆ ಸೇರಿಸಿಕೊಂಡಿದ್ದನು. ಆ ಚಕ್ರ ಸರಾಸರಿ ಸುಮಾರು 11 ವರ್ಷಗಳದೆಂಬುದು ಈಗ ಸ್ಥಿರಪಟ್ಟಿದೆ. ಆದರೂ ಮೊದಲ ಪ್ರಬಂಧದ ಅಂಕಿಗಳು ಬೇರೆ ಅವಧಿಗಳಿಗೂ ಒಗ್ಗುತ್ತವೆಂದು ಕಂಡಾಗ ಅದನ್ನು ಪ್ರಕಟಿಸದೆ ತಡೆಹಿಡಿದ ಪ್ರಾಮಾಣಿಕತೆಯೂ ಅವನದೇ.

1882ರ ಆಗಸ್ಟ್ 13ರಂದು ಹೇಸ್ಟಿಂಗ್ಸ್ ಬಳಿಯ ಕಡಲಿನಲ್ಲಿ ಈಜುತ್ತಿದ್ದಾಗ ಮುಳುಗಿ ಮೃತನಾದಾಗ ಅವನಿಗೆ 46 ವರ್ಷ. ಅವನ ಭವಿಷ್ಯವಾಣಿಗಳು ಹುಸಿಯಾದವು. ಬೆಲೆಗಳ ಸೂಚ್ಯಂಕವನ್ನು ರೂಪಿಸಿ, ದೀರ್ಘಕಾಲದ ಅಂಕಿಸಾಲುಗಳಲ್ಲಿ ಕಾರಣವನ್ನರಸಿದ ಅವನ ಮಾರ್ಗವು ಮಾತ್ರ ಶಾಸ್ತ್ರದಲ್ಲಿ ಉಳಿಯಿತು.