ಬಂಗಾರಪೇಟೆ ಸ್ಟೇಷನ್ನಿಗೆ ಹೆಸರು ಕೊಟ್ಟ ಸಾಹೇಬ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ದಿನಾ ಹತ್ತಿ ಇಳಿಯೋ ಮಂದಿಗೆ ಊರಿನ ಹಳೇ ಹೆಸರು ಬೌರಿಂಗ್‌ಪೇಟೆ ಅನ್ನೋದು ಗೊತ್ತೋ ಇಲ್ಲವೋ! ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮಾತ್ರ ಎಲ್ಲರಿಗೂ ಗೊತ್ತು. ಆ ಬೌರಿಂಗೇ ಈ ಬೌರಿಂಗು.

ಪೂರ್ತಿ ಹೆಸರು ಲೆವಿನ್ ಬೆಂಥಮ್ ಬೌರಿಂಗ್. ಹುಟ್ಟಿದ್ದು 1824ರಲ್ಲಿ. ಪಂಜಾಬಿನಲ್ಲಿ ಅಧಿಕಾರ ನಡೆಸಿ, ವೈಸರಾಯ್ ಕ್ಯಾನಿಂಗ್ ಬಳಿ ಕಾರ್ಯದರ್ಶಿಯಾಗಿದ್ದು, 1862ರಲ್ಲಿ ಮೈಸೂರಿಗೆ ಕಮಿಷನರ್ ಆಗಿ ಬಂದ. ಮಹಾರಾಜರು ಅರಮನೆಯಲ್ಲಿ, ಆಡಳಿತ ಇಂಗ್ಲಿಷರ ಕೈಯಲ್ಲಿ ಎಂಬಂಥ ಕಾಲ. ಹಿಂದಿನ ಕಬ್ಬನ್‌ದು ಒಬ್ಬನೇ ದರ್ಬಾರು. ಬೌರಿಂಗನದು ಇಲಾಖೆ, ಕಡತಗಳ ಕಾರುಬಾರು. ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಯಾಗಿ ವಿಂಗಡಿಸಿದ. ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರಲ್ಲಿ ಶುರುವಾದದ್ದೂ ಅವನ ಕಾಲದಲ್ಲೇ. ಪರಂಗಿಯವನಾದರೂ ಇದೊಂದಕ್ಕೆ ಮೆಚ್ಚಲೇಬೇಕು.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಆದರೆ ಹಳಿ ಕೋಲಾರ ಪಟ್ಟಣ ಮುಟ್ಟಲೇ ಇಲ್ಲ. ಹದಿನೆಂಟು ಕಿಲೋಮೀಟರಿನಷ್ಟು ದೂರದಲ್ಲಿ, ದಕ್ಷಿಣಕ್ಕೆ ಹಾದುಹೋಯಿತು! ಜಿಲ್ಲಾ ಕೇಂದ್ರಕ್ಕೆ ತಪ್ಪಿದ್ದು ಬಯಲಿನ ಸ್ಟೇಷನ್ನಿಗೆ ದಕ್ಕಿತು. ಸ್ಟೇಷನ್ ಎದುರು ಅಂಗಡಿ ಎದ್ದವು, ಮಂಡಿ ಬಂದವು. ಬೂದಿಕೋಟೆಯ ವ್ಯಾಪಾರವೂ ಇತ್ತ ತಿರುಗಿತು. ಹೊಸ ಪೇಟೆಗೆ ಆಳುವ ಸಾಹೇಬನ ಹೆಸರನ್ನೇ ಇಟ್ಟರು. ಕೋಲಾರದವರೋ, ತಮ್ಮೂರಿಗೆ ಪುಟಾಣಿ ಗಾಡಿ ಬರಲು 1913ರ ತನಕ ಕಾದರು. ಹತ್ತಿರ ಹತ್ತಿರ ಐವತ್ತು ವರ್ಷ!

ಬೌರಿಂಗ್ ಹೊರಟಿದ್ದು 1870ರಲ್ಲಿ. ಲೆವೆಲ್ ಎಂಬಾತ ಕೋಲಾರ ಸೀಮೆಯಲ್ಲಿ ಚಿನ್ನ ತೆಗೆಯಲು ಅಪ್ಪಣೆ ಪಡೆದದ್ದು 1873ರಲ್ಲಿ. ಅಂದರೆ ಈ ಪೇಟೆ ಚಿನ್ನದಿಂದ ಹುಟ್ಟಿದ್ದಲ್ಲ, ರೈಲಿನಿಂದ ಹುಟ್ಟಿದ್ದು. ಗಣಿಗೆ ಇಲ್ಲಿಂದ ಕವಲು ಹಳಿ ಹಾಕಿದ್ದೇ 1894ರಲ್ಲಿ. ಆಮೇಲೆ ಬಂಗಾರದ ಹೊಳಪಿನ ಮುಂದೆ ಸಾಹೇಬನ ಹೆಸರು ಮಂಕಾಯಿತು ಅನ್ನಿ.

ಊರಿಗೆ ಹೋದಮೇಲೂ ಆತ ಈ ಸೀಮೆ ಮರೆತಿರಲಿಲ್ಲ. 1893ರಲ್ಲಿ ಹೈದರಾಲಿ, ಟಿಪ್ಪು ಬಗ್ಗೆ ಪುಸ್ತಕ ಬರೆದ. ಹೈದರಾಲಿ ಹುಟ್ಟಿದ್ದು ಎಲ್ಲಿ ಅಂತೀರಿ? ಇದೇ ಬೂದಿಕೋಟೆಯಲ್ಲಿ ಅಂತಲೇ ಪ್ರತೀತಿ!

ಬೌರಿಂಗ್ 1910ರಲ್ಲಿ ತೀರಿಕೊಂಡ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸ್ಟೇಷನ್ ಬೋರ್ಡಿನಲ್ಲಿ ಬಂಗಾರ ಉಳಿದಿದೆ. ಬೌರಿಂಗನ ಹೆಸರು ನೋಡಬೇಕಾದರೆ ಟಿಕೆಟ್ ತಗೊಂಡು ಬೆಂಗಳೂರಿಗೇ ಹೋಗಬೇಕು.